ದುರ್ಬೀನಿನ ಎರಡು ಬಿರಡೆ

ತಿಳಿಯದ್ದನ್ನು ತಿಳಿದಿದೆ ಎಂದು ಸಾರುವವರಿಗೆ ಶಿಕ್ಷೆ ವಿಧಿಸುವ ಕಲಮು ನಮ್ಮ ದಂಡಸಂಹಿತೆಯಲ್ಲಿ ಇಲ್ಲ. ಇದನ್ನು ನಾನು ರಾಷ್ಟ್ರೀಯ ಲೋಪವೆಂದೇ ಪರಿಗಣಿಸುತ್ತೇನೆ. ಕೋಳಿ ಕದ್ದವನ ಕೊರಳಪಟ್ಟಿ ಹಿಡಿದು ಠಾಣೆಗೆ ಒಯ್ಯುವ ಸಮಾಜ, ಇಲ್ಲದ ವಿದ್ಯೆಯನ್ನು ಇದೆಯೆಂದು ನಂಬಿಸಿದವನ ಕೊರಳಿಗೆ ಹಾರ ಹಾಕುತ್ತದೆ. ಈ ಸಡಿಲ ನೀತಿಯ ಫಲವಾಗಿ ಹನುಮವ್ವ ಎಂಬ ನಿರಪರಾಧಿ ಹೆಂಗಸು ಒಂದು ದಸರೆಯ ಮುಂಜಾನೆಯನ್ನು ಕಬ್ಬಿಣದ ಕಪಾಟಿನ ನೆತ್ತಿಯ ಮೇಲೆ, ಚಿರತೆಯೊಂದರ ಸಮ್ಮುಖದಲ್ಲಿ ಕಳೆಯಬೇಕಾಯಿತು. ಚಿರತೆ ತಾನಾಗಿಯೇ ಬಂದದ್ದು ನಿಜ. ಆದರೆ ಅದು ಅಷ್ಟು ಹೊತ್ತು ಅಲ್ಲೇ ಉಳಿದದ್ದಕ್ಕೆ ವ್ಯಾಸರಾಜರೇ ಹೊಣೆ. ಇದನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲೆ.

ವ್ಯಾಸರಾಜರು ಧಾರವಾಡದ ಕಡೆಯವರು. ಗೋವೆಯ ಸಾವರ್ಡೆಯಲ್ಲಿ ಅದಿರು ಗಣಿ ಕಂಪನಿಯೊಂದರ ಸ್ಟೋರಿನಲ್ಲಿ ಹೆಡ್ ಕ್ಲಾರ್ಕ್. ಗ್ರೀಸಿನ ಡಬ್ಬಿಯಿಂದ ಹಿಡಿದು ಗಮ್‌ಬೂಟಿನವರೆಗೆ ಎಲ್ಲ ವಸ್ತುಗಳೂ ಅವರ ಸುಪರ್ದಿಯಲ್ಲಿದ್ದವು. ವರ್ಷಾನುಗಟ್ಟಲೆ ವಸ್ತುಗಳನ್ನು ಕಾಯ್ದ ಮನುಷ್ಯನಿಗೆ ಆ ವಸ್ತುಗಳ ವಿದ್ಯೆಯೂ ತನಗೆ ಬಂದಿದೆ ಎಂಬ ಭ್ರಮೆ ಹುಟ್ಟುವುದುಂಟು. ವ್ಯಾಸರಾಜರಲ್ಲಿ ಆ ಭ್ರಮೆ ಬಲವಾಗಿ ಬೇರೂರಿತ್ತು. ಯಾರಾದರೂ ಪ್ರಶ್ನೆ ಕೇಳಿ ಸಭೆ ಮೌನವಾದರೆ ಆ ಮೌನವನ್ನು ಅವರು ಸಹಿಸುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಇರದಿದ್ದರೂ ಅದನ್ನು ತುಂಬಿಬಿಡುತ್ತಿದ್ದರು.

ಆ ವರ್ಷದ ಶ್ರಾವಣದಲ್ಲಿ ಒಲಿಂಪಿಕ್ ಪಂದ್ಯಾಟದ ಬಂದೂಕು ಸ್ಪರ್ಧೆಯಲ್ಲಿ ನಮ್ಮ ದೇಶಕ್ಕೆ ಬಂಗಾರದ ಪದಕ ಬಂದಿತು. ಪಕ್ಕದ ಮನೆಯ ಸುಧೀರ, ಬೆಳಗಾವಿಯವನು, ಬ್ಯಾಂಕಿನ ನೌಕರ, ಮಾತಿಗೆ ಮಾತು ಚುಚ್ಚುವ ಸ್ವಭಾವದವನು. ಅವನ ಟಿ.ವಿ.ಯ ಮುಂದೆ ಚಾಳಿನ ಕನ್ನಡಿಗರೆಲ್ಲ ಸೇರಿದ್ದರು. ಅಷ್ಟು ಚಿಕ್ಕ ಗುರಿಗೆ ಹೇಗೆ ಹೊಡೆಯುತ್ತಾರೆ ಎಂದು ಅವನೇ ಕೇಳಿದ. ಮೌನ ಬಿತ್ತು. ವ್ಯಾಸರಾಜರು ಗಂಟಲು ಸರಿಮಾಡಿಕೊಂಡರು.

"ಅದೇನು ದೊಡ್ಡ ಮಾತಲ್ಲ ಸುಧೀರ. ಬಂದೂಕಿನ ಮ್ಯಾಲೆ ಒಂದು ದುರ್ಬೀನು ಇರ್ತದ. ಅದರೊಳಗ ಕೂದಲಿನಂಥಾ ಎರಡು ಗೆರಿ, ಒಂದು ಅಡ್ಡ, ಒಂದು ಉದ್ದ. ಆ ಗೆರಿ ಕೂಡೋ ಜಾಗಾಕ್ಕ ಗುರಿ ತಂದು ಬಿಟ್ರ ಮುಗೀತು. ಸ್ಟೋರಿನೊಳಗ ದಿನಾ ನೋಡ್ತೀನಿ ನಾ."

ಆ ಸ್ಪರ್ಧೆಯ ಬಂದೂಕಿಗೆ ದುರ್ಬೀನೇ ಇರುವುದಿಲ್ಲ. ಸಣ್ಣ ತೂತಿನ ಬಿಲ್ಲೆಯೊಂದರಲ್ಲಿ ಕಣ್ಣಿಟ್ಟು ಹೊಡೆಯುತ್ತಾರೆ. ಆದರೆ ಅಲ್ಲಿದ್ದ ಯಾರಿಗೂ ಅದು ತಿಳಿದಿರಲಿಲ್ಲವಾದ್ದರಿಂದ ಅಸತ್ಯವು ನಿರಾತಂಕವಾಗಿ ಜ್ಞಾನದ ಪಂಕ್ತಿಯಲ್ಲಿ ಕುಳಿತು ಊಟಮಾಡಿತು. ಸ್ಟೋರಿನಲ್ಲಿ ಅವರು ದಿನಾ ನೋಡುತ್ತಿದ್ದುದು ಸರ್ವೆ ಮಾಡುವ ಹಳೆಯ ಲೆವಲ್ ಯಂತ್ರ. ಅದರಲ್ಲೂ ದುರ್ಬೀನಿದೆ, ಗೆರೆಗಳಿವೆ. ಒಂದೇ ವಿಶೇಷವೆಂದರೆ ಅದರಲ್ಲಿ ಜಗತ್ತು ತಲೆಕೆಳಗಾಗಿ ಕಾಣುತ್ತದೆ. ಕಾಣುವುದನ್ನೆಲ್ಲ ತಿರುಗಾಮುರುಗಾ ಮಾಡಿ ಅರ್ಥಮಾಡಿಕೊಳ್ಳಬೇಕು ಎಂದು ಸರ್ವೆಯವರು ಯಾವಾಗಲೋ ಹೇಳಿದ್ದರು. ವ್ಯಾಸರಾಜರು ಆ ಮಾತನ್ನು ಒಂದು ಯಂತ್ರಕ್ಕೆ ಸೀಮಿತಗೊಳಿಸದೆ ಸಕಲ ದುರ್ಬೀನುಗಳ ಮೂಲತತ್ತ್ವವನ್ನಾಗಿ ಸ್ವೀಕರಿಸಿದ್ದರು.

ಸುಧೀರನ ಬಾಯಿಗೆ ಬಿದ್ದ ಸುದ್ದಿ ಅವನ ಸ್ಕೂಟರಿನಷ್ಟೇ ವೇಗವಾಗಿ ಓಡಿ ಕಂಪನಿಯ ಮ್ಯಾನೇಜರ್ ಲೋಟ್ಲೀಕರರನ್ನು ಮುಟ್ಟಿತು. ಗಣಿಯ ಬೆನ್ನಿಗೇ ಕಾಡು. ಮಳೆಗಾಲದಲ್ಲಿ ಚಿರತೆಯ ಹೆಜ್ಜೆ ಕಂಡಿತೆಂದು ಕಾರ್ಮಿಕರು ದೂರಿದ್ದರಿಂದ ಕಂಪನಿಯು ಮದ್ದಿನ ಸೂಜಿ ಹಾರಿಸಿ ಪ್ರಾಣಿಯನ್ನು ಮಲಗಿಸುವ ಬಂದೂಕೊಂದನ್ನು ತರಿಸಿತ್ತು. ಬಂದೂಕು ಒಂದು ಪೆಟ್ಟಿಗೆಯಲ್ಲಿ, ದುರ್ಬೀನು ಇನ್ನೊಂದರಲ್ಲಿ. ಕೂಡಿಸುವವರಿಲ್ಲದೆ ಎರಡೂ ಸ್ಟೋರಿನಲ್ಲಿ ಬಿದ್ದಿದ್ದವು. ಲೋಟ್ಲೀಕರರು ವ್ಯಾಸರಾಜರನ್ನು ಕರೆಸಿ, ನಿಮಗೆ ಈ ವಿದ್ಯೆ ಬರುತ್ತದಂತಲ್ಲ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲವೆನ್ನಲು ಅದು ಪ್ರಶಸ್ತವಾದ ಗಳಿಗೆ. ಒಬ್ಬರೇ ಒಬ್ಬರ ಎದುರಿಗೆ, ಮುಚ್ಚಿದ ಬಾಗಿಲಿನೊಳಗೆ, ಮಾನಹಾನಿಯಿಲ್ಲದೆ ಹೇಳಬಹುದಿತ್ತು. ವ್ಯಾಸರಾಜರು ಹೌದೆಂದರು.

ಅವರು ದುರ್ಬೀನನ್ನು ಬಂದೂಕಿನ ಬೆನ್ನಿಗೆ ಬಿಗಿದು ಒಳಗೆ ಇಣುಕಿದರು. ಗೆರೆಗಳೇನೋ ಇದ್ದವು, ಆದರೆ ಗೆರೆಯುದ್ದಕ್ಕೂ ಕರಿ ಚುಕ್ಕೆಗಳು. ಗುರಿ ಎಷ್ಟು ದೂರವಿದೆ, ಎಷ್ಟು ಮೇಲೆ ಹಿಡಿಯಬೇಕು ಎಂದು ಅಳೆಯುವುದಕ್ಕಾಗಿಯೇ ಆ ಚುಕ್ಕೆಗಳನ್ನು ಇಟ್ಟಿರುತ್ತಾರೆ. ವ್ಯಾಸರಾಜರು ಅವನ್ನು ಗೋವೆಯ ಮಳೆಗಾಲ ಗಾಜಿಗೆ ತರುವ ಬೂಷ್ಟೆಂದು ನಿರ್ಣಯಿಸಿದರು. ದುರ್ಬೀನನ್ನು ಬಿಚ್ಚಿ ಮನೆಗೆ ಒಯ್ದು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟರು. ಮಡದಿ ಅಂಬಾಬಾಯಿಯವರು ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಮಗುವಿನಂತೆ ಮಲಗಿಸುತ್ತಿದ್ದರು. ನಮ್ಮನೆಯವರು ಬಂದೂಕಿನ ದುರ್ಬೀನು ರಿಪೇರಿ ಮಾಡುತ್ತಾರೆ ಎಂದು ಧಾರವಾಡದ ಅಕ್ಕತಂಗಿಯರಿಗೆಲ್ಲ ಫೋನಿನಲ್ಲಿ ತಿಳಿಸಿಯೂ ಆಯಿತು. ಚುಕ್ಕೆಗಳು ಹೋಗಲಿಲ್ಲ. ಇವು ಮಾಸುವ ಜಾತಿಯವಲ್ಲ ಎಂದು ತೀರ್ಪು ಕೊಟ್ಟು ವ್ಯಾಸರಾಜರು ದುರ್ಬೀನನ್ನು ಮತ್ತೆ ಬಿಗಿದರು.

ದುರ್ಬೀನಿಗೆ ಎರಡು ಬಿರಡೆಗಳಿದ್ದವು, ತಂಬೂರಿಗೆ ಇರುವಂತೆ. ಟರೆಟ್ ಎಂದು ಅವಕ್ಕೆ ಹೆಸರು. ನೆತ್ತಿಯ ಬಿರಡೆ ತಿರುವಿದರೆ ಏಟು ಮೇಲೆ ಕೆಳಗೆ ಸರಿಯುತ್ತದೆ, ಬಲಮಗ್ಗುಲಿನದು ತಿರುವಿದರೆ ಎಡಬಲಕ್ಕೆ. ಒಂದೊಂದು ಸಣ್ಣ ತಿರುವಿಗೂ ಕಟ್ ಎಂಬ ಸದ್ದು. ನೆತ್ತಿಯ ಬಿರಡೆಯ ಮೇಲೆ ಬಾಣದ ಗುರುತು ಕೊರೆದು 'ಅಪ್' ಎಂದು ಬರೆದಿತ್ತು. ಮೇಲೆ ಎಂದು ಬರೆದಿದ್ದರೆ ಅದು ಕೆಳಗೇ ಇರಬೇಕು ಎಂಬುದು ವ್ಯಾಸರಾಜರ ಮೂಲತತ್ತ್ವ. ಅವರು ಎರಡನ್ನೂ ನಾಲ್ಕಾರು ಸಲ ಕಟಕಟಿಸಿ, ಗುಡ್ಡದ ಮೇಲಿನ ನೀರಿನ ಟಾಕಿಯನ್ನು ಗೆರೆಗಳ ನಟ್ಟನಡುವೆ ಕೂಡಿಸಿ, ದುರ್ಬೀನು ಸಿದ್ಧವಾಗಿದೆ ಎಂದು ವರದಿ ಒಪ್ಪಿಸಿದರು. ದುರ್ಬೀನು ಹೊಸದಾಗಿ ಬಿಗಿದ ಮೇಲೆ ಕಾಗದದ ಗುರಿಗೆ ಹೊಡೆದು, ಏಟು ಎಲ್ಲಿ ಬಿತ್ತೆಂದು ನೋಡಿ, ಬಿರಡೆ ತಿರುವಿ ಸರಿಪಡಿಸಬೇಕು; ಇದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಹಾಗೆ ಮಾಡುವವರೆಗೆ ಅದು ಬಂದೂಕಿನ ಬೆನ್ನೇರಿದ ಅಲಂಕಾರ ಮಾತ್ರ. ವ್ಯಾಸರಾಜರು ಒಂದು ಸೂಜಿಯನ್ನೂ ಹಾರಿಸಲಿಲ್ಲ. ಲೋಟ್ಲೀಕರರು ಭೇಷ್ ಎಂದರು.

ಅಷ್ಟರಲ್ಲಿ ಖಂಡೇನವಮಿ ಬಂದಿತು. ಆಯುಧವೆನ್ನಬಹುದಾದ ಪ್ರತಿಯೊಂದು ವಸ್ತುವನ್ನೂ ತೊಳೆದು, ಒರೆಸಿ, ಕುಂಕುಮ ಏರಿಸಿ ಪೂಜಿಸುವ ದಿನ. ಸ್ಟೋರಿನ ಕಸಗುಡಿಸುವ ಹನುಮವ್ವ ಹಿಂದಿನ ದಿನದಿಂದಲೇ ಟೊಂಕಕಟ್ಟಿ ನಿಂತಿದ್ದಳು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ವೆಲ್ಡಿಂಗ್ ಮುಖವಾಡ ಒಂದನ್ನೂ ಬಿಡದೆ ಒರೆಸಿದಳು. ಅವಳ ಸ್ವಚ್ಛತೆಯಲ್ಲಿ ಒಂದು ಶಿಸ್ತಿತ್ತು. ಸಡಿಲವಾದದ್ದನ್ನು ಗಟ್ಟಿಮಾಡದೆ ಅವಳು ಕೈಬಿಡುತ್ತಿರಲಿಲ್ಲ. ಅಂಬಾಬಾಯಿಯವರು ಆರತಿಯ ತಟ್ಟೆ ಹಿಡಿದು ಬಂದು, ಪತಿಯ ಕೈಗುಣ ಪಡೆದ ವಸ್ತುವೆಂದು ಬಂದೂಕಿಗೆ ವಿಶೇಷ ಗೌರವ ಸಲ್ಲಿಸಿದರು. ಅದರ ದುರ್ಬೀನಿನ ಮುಂದಿನ ಗಾಜಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಗಲ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಪೂಜೆ ಮುಗಿದ ಮೇಲೆ ಬಂದೂಕನ್ನು ಆಫೀಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಲಾಯಿತು.

ಮರುದಿನ ದಸರೆ. ಹೂವಿನ ಕಸ ಬಳಿಯಲು ಹನುಮವ್ವ ಬೆಳಗಾಗುತ್ತಲೇ ಸ್ಟೋರಿಗೆ ಬಂದು ಉಕ್ಕಿನ ಶಟರನ್ನು ಅರ್ಧ ಎತ್ತಿದಳು. ಗಣಿಯ ಬೀದಿನಾಯಿಯೊಂದು ಅವಳ ಕಾಲಸಂದಿಯಿಂದ ಒಳಗೆ ನುಗ್ಗಿತು. ಅದರ ಬೆನ್ನಿಗೆ ಚಿರತೆ. ನಾಯಿ ಹಿಂದಿನ ಕಿಟಕಿಯಿಂದ ಪಾರಾಯಿತು. ಚಿರತೆಗೆ ಕಿಟಕಿ ಚಿಕ್ಕದಾಯಿತು. ಹನುಮವ್ವ ಟೈರುಗಳ ರಾಶಿಯ ಮೇಲಿಂದ ಹಾರಿ ಕಬ್ಬಿಣದ ಕಪಾಟಿನ ನೆತ್ತಿ ಸೇರಿದಳು. ಆ ಕಪಾಟು ಮೊದಲೇ ಒಂದು ಕಾಲು ಕುಂಟು. ಅದನ್ನು ಬದಲಿಸಬೇಕೆಂದು ವ್ಯಾಸರಾಜರು ಎಂದೋ ಬರೆದು ಮರೆತಿದ್ದರು. ಚಿರತೆ ಅದರ ಬುಡದಲ್ಲೇ ಹೊಸ ಗೋಣಿಚೀಲಗಳ ಮೇಲೆ ಮೈಚಾಚಿತು.

ಜನ ಸೇರಿದರು. ಅಂಗಳದ ಇನ್ನೊಂದು ತುದಿಯಲ್ಲಿದ್ದ, ಲಾರಿಗಳನ್ನು ತೂಗುವ ಕಾಟಾದ ಕಟ್ಟೆಯ ಮೇಲೆ ನಿಂತರೆ ಅರ್ಧ ಎತ್ತಿದ ಶಟರಿನ ಕೆಳಗೆ ಚಿರತೆಯ ಮಗ್ಗುಲು ಕಾಣುತ್ತಿತ್ತು. ಅಲ್ಲಿಂದ ನಲವತ್ತು ಮೀಟರು ದೂರ. ಅದಕ್ಕಿಂತ ಹತ್ತಿರ ಯಾರ ಹೆಜ್ಜೆಯ ಸಪ್ಪಳವಾದರೂ ಅದು ಗುರ್ರೆಂದು ಏಳುತ್ತಿತ್ತು. ಎದ್ದಾಗಲೆಲ್ಲ ಅದರ ಬೆನ್ನು ಕಪಾಟಿಗೆ ತಗುಲಿ ಕಪಾಟು ಓಲಾಡುತ್ತಿತ್ತು. ಅರಣ್ಯದವರು ಬಲೆ, ಪಂಜರ ತಂದು ಬೇಲಿಯ ಆಚೆ ಕಾದರು. ಪ್ರಾಣಿ ಮಲಗದೆ ಬಲೆಯಿಂದ ಪ್ರಯೋಜನವಿರಲಿಲ್ಲ. ಹತ್ತಿರದ ಕೆಪೆ ಊರಿನಿಂದ ಪಶುವೈದ್ಯೆ ಡಾಕ್ಟರ್ ಸುಮೇಧಾ ಮದ್ದಿನೊಂದಿಗೆ ಬಂದರು. ಕಾರವಾರದ ಹೆಣ್ಣುಮಗಳು, ಮಾತು ಕಡಿಮೆ.

ಹನುಮವ್ವನ ಮಾತು ಮಾತ್ರ ನಿಂತಿರಲಿಲ್ಲ. ಅವಳ ದನಿ ಗಣಿಯ ಯಂತ್ರಗಳ ಗದ್ದಲದಲ್ಲಿ ಬೆಳೆದದ್ದು. ಚಿರತೆಗೂ ಅದು ಬೇಗ ರೂಢಿಯಾಯಿತು. ಅವಳ ಗಂಡ ಪರಮಣ್ಣ ಅದಿರು ತುಂಬುವ ಕೂಲಿ. ಅವನು ಕಾಟಾದ ಕಟ್ಟೆಯ ಮೇಲಿಂದ, ಅದು ಏನು ಮಾಡುತ್ತಿದೆ ಎಂದು ಕೂಗಿ ಕೇಳಿದ.

"ನಿನ್ನಂಗ ಮಕ್ಕೊಂಡೈತಿ. ಒಂದ್ ಕಣ್ಣು ತಗದು," ಎಂದು ಒಳಗಿನಿಂದ ಉತ್ತರ ಬಂದಿತು. "ಸಾಯೇಬ್ರು ಬಂದ್ರೇನು? ಪಾಸ್ ಇಲ್ದ ಸ್ಟೋರಿನಾಗ ಹೊಕ್ಕೈತಿ ಅಂತ ಹೇಳು ಅವರಿಗೆ. ಲಗೂನ ಏನರ ಮಾಡ್ರಿ, ಈ ಕಪಾಟು ಬಾಳಿಕಿ ಬರೂ ಹಂಗ ಕಾಣೂದಿಲ್ಲ."

ಸಾಹೇಬರು, ಅಂದರೆ ವ್ಯಾಸರಾಜರು, ಬಂದಿದ್ದರು. ಹಬ್ಬದ ರೇಷ್ಮೆ ಅಂಗಿಯಲ್ಲಿ, ಬಂದೂಕು ಹಿಡಿದು, ಜನರ ನಡುವೆ ದಾರಿ ಬಿಡಿಸಿಕೊಂಡು ಬಂದರು. ಹಿಂದೆ ಅಂಬಾಬಾಯಿ, ಅವರ ಹಿಂದೆ ಸುಧೀರ. ಲೋಟ್ಲೀಕರರು ಅವರನ್ನು ಡಾಕ್ಟರಿಗೆ ಪರಿಚಯಿಸುತ್ತ, ನಮ್ಮ ದುರ್ಬೀನಿನ ತಜ್ಞರು ಎಂದರು. ಜನ ಕೈಮುಗಿದರು. ಪರಮಣ್ಣ ಅವರ ಕಾಲು ಮುಟ್ಟಿದ. ಇನ್ನೊಬ್ಬರ ಪ್ರಾಣ ತೂಗುತ್ತಿರುವಾಗ ಇಂಥ ನಮಸ್ಕಾರವನ್ನು ಸ್ವೀಕರಿಸುವವನ ಕಾಲು ಸುಡಬೇಕು. ವ್ಯಾಸರಾಜರ ಕಾಲಿಗೆ ಏನೂ ಆಗಲಿಲ್ಲ.

ಡಾಕ್ಟರ್ ಸುಮೇಧಾ ಬಂದೂಕು ತೆಗೆದುಕೊಂಡು, "ಇದನ್ನು ಝೀರೋ ಮಾಡಿದ್ದೀರಾ?" ಎಂದು ಕೇಳಿದರು.

"ಝೀರೋ ಯಾಕ್ರೀ ಡಾಕ್ಟರ್ ಬಾಯಾರ," ಎಂದರು ವ್ಯಾಸರಾಜರು. "ನೂರಕ್ಕ ನೂರು ಮಾಡಿ ಇಟ್ಟೀನಿ."

 ಡಾಕ್ಟರು ದುರ್ಬೀನಿನಲ್ಲಿ ಕಣ್ಣಿಟ್ಟು, ಒಳಗೆಲ್ಲ ಕೆಂಪು ಮಂಜು ಕವಿದಿದೆಯಲ್ಲ ಎಂದರು. ವ್ಯಾಸರಾಜರು ಅದು ಬಿಸಿಲು ತಡೆಯುವ ಬಣ್ಣವೆಂದು ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಅಂಬಾಬಾಯಿಯವರು ಸಂತೋಷದಿಂದ, ಕುಂಕುಮ ತಾವೇ ಹಚ್ಚಿದ್ದೆಂದು ತಿಳಿಸಿದರು. ಡಾಕ್ಟರು ಸೆರಗಿನ ತುದಿಯಿಂದ ಗಾಜು ಒರೆಸಿದರು. ಅಂಬಾಬಾಯಿಯವರಿಗೆ ಅಪಶಕುನವೆನಿಸಿತು, ಸುಧೀರನಿಗೆ ಕೆಮ್ಮು ಬಂದಿತು.

ಪರೀಕ್ಷೆ ಮಾಡದೆ ಹೊಡೆಯುವುದಿಲ್ಲ ಎಂದು ಡಾಕ್ಟರು ಪಟ್ಟುಹಿಡಿದರು. ಸೂಜಿ ತಪ್ಪಿ ತಾಗಿದರೆ ಪ್ರಾಣಿ ಮಲಗುವುದಿಲ್ಲ, ಕೆರಳುತ್ತದೆ. ಕೆರಳಿ ಜಿಗಿದರೆ ಕಪಾಟು ಬೀಳುತ್ತದೆ.  ಪರಮಣ್ಣ ಕಟ್ಟೆಯ ಅಂಚಿನಲ್ಲಿ ಕುಳಿತುಬಿಟ್ಟ. ಕಾಟಾದ ಹಿಂದಿನ ಬಯಲಿನಲ್ಲಿ, ಅಷ್ಟೇ ದೂರದಲ್ಲಿ, ಮರದ ಹೊಟ್ಟು ತುಂಬಿದ ಚೀಲವೊಂದನ್ನು ನಿಲ್ಲಿಸಿ, ಕಾಗದ ಅಂಟಿಸಿ, ನಡುವೆ ಇದ್ದಿಲಿನಿಂದ ಬೊಟ್ಟಿಟ್ಟರು. ಡಾಕ್ಟರು ನೀರು ತುಂಬಿದ ಸೂಜಿ ಹಾರಿಸಿದರು. ಅದು ಬೊಟ್ಟಿನಿಂದ ಒಂದು ಮೊಳ ಕೆಳಗೆ, ಒಂದು ಮೊಳ ಎಡಕ್ಕೆ, ಚೀಲವನ್ನೇ ಬಿಟ್ಟು ಕೆಂಪುಮಣ್ಣಿಗೆ ನಾಟಿತು.

ವ್ಯಾಸರಾಜರು ಗಾಳಿಯನ್ನು ದೂಷಿಸಿದರು. ಗಾಳಿ ಇರಲಿಲ್ಲ. ಡಾಕ್ಟರು ಮತ್ತೆ ಹೊಡೆದರು. ಸೂಜಿ ಮೊದಲಿನದರ ಪಕ್ಕದಲ್ಲೇ ನಾಟಿತು. ಆಗ ವ್ಯಾಸರಾಜರು, ಏಟು ಕೆಳಗೆ ಬೀಳುತ್ತಿದ್ದರೆ ಬಿರಡೆಯನ್ನು ಕೆಳಗಿನ ಕಡೆಗೇ ತಿರುವಬೇಕು, ಏಕೆಂದರೆ ದುರ್ಬೀನಿನ ಶಾಸ್ತ್ರದಲ್ಲಿ ಎಲ್ಲವೂ ತಿರುಗಾಮುರುಗಾ ಎಂದು ಸಾರಿ, ನೆತ್ತಿಯ ಬಿರಡೆಗೆ ಕೈಹಾಕಿದರು. ಅದು ಅಲುಗಲಿಲ್ಲ. ಎರಡೂ ಕೈ ಹಾಕಿದರು. ಅಲುಗಲಿಲ್ಲ.

"ತಿರುಗೂದಿಲ್ಲ ಅಂದ್ರ ಅದು ತನ್ನ ಜಾಗಾಕ್ಕ ಬಂದು ನಿಂತದ ಅಂತ ಅರ್ಥ," ಎಂದರು ಅವರು, ಹಣೆಯ ಬೆವರು ಒರೆಸುತ್ತ. "ನೀವು ಆ ಕಾಗದ ಒಂದೀಟು ಕೆಳಗ ಹಚ್ಚಿ ನೋಡ್ರಿ."

"ಹುಲೀನೂ ಒಂದೀಟು ಕೆಳಗ ಸರಿ ಅಂತ ಹೇಳೂಣೇನು ವ್ಯಾಸಣ್ಣ?" ಎಂದ ಸುಧೀರ. ಯಾರೂ ನಗಲಿಲ್ಲ.

ನಗದಿರಲು ಕಾರಣವಿತ್ತು. ದೂರದಲ್ಲಿ, ರಸ್ತೆಯ ತಿರುವಿನ ಆಚೆ, ಪಟಾಕಿಯ ಸರ ಸಿಡಿದ ಸದ್ದು ಕೇಳಿತ್ತು. ಮಳೆಗಾಲ ಮುಗಿದು ಗಣಿಯ ಕೆಲಸ ಮತ್ತೆ ತೊಡಗುವ ದಿನವೆಂದು ದಸರೆಗೆ ಅದಿರು ಲಾರಿಗಳನ್ನು ತೊಳೆದು, ಚೆಂಡುಹೂ ಕಟ್ಟಿ, ವಾದ್ಯ ಪಟಾಕಿಗಳೊಂದಿಗೆ ಸಾಲಾಗಿ ಗಣಿಯ ಗೇಟಿಗೆ ತರುವುದು ಚಾಲಕರ ಸಂಪ್ರದಾಯ. ಲೋಟ್ಲೀಕರರು ಮುಂದಿನ ಲಾರಿಯ ಚಾಲಕನಿಗೆ ಫೋನು ಮಾಡಿದರು. ಆ ವಾದ್ಯದಲ್ಲಿ ಫೋನು ಯಾರಿಗೂ ಕೇಳಿಸಲಿಲ್ಲ. ಪಟಾಕಿಯ ಸದ್ದು ಗೇಟಿಗೆ ಬಂದಿತೆಂದರೆ ಚಿರತೆ ಎಲ್ಲಿಗೆ ಜಿಗಿಯುತ್ತದೋ ಹೇಳುವವರಿರಲಿಲ್ಲ. ಪರಮಣ್ಣ ಎದ್ದವನೇ ಗೇಟಿನ ಕಡೆಗೆ ಓಡಿದ.

ಚಿರತೆ ಕಿವಿ ನಿಮಿರಿಸಿ ಕುಳಿತಿತು. ಕಪಾಟು ಕಿರುಗುಟ್ಟಿತು. ಮೊದಲ ಬಾರಿಗೆ ಹನುಮವ್ವ ಸುಮ್ಮನಾದಳು. 

ವ್ಯಾಸರಾಜರು ವರ್ಕ್‌ಶಾಪಿನಿಂದ ಇಕ್ಕಳ ತರಿಸಿದರು. ಬಿರಡೆಯ ಕತ್ತು ಹಿಡಿದು ಒಮ್ಮೆ ಜಗ್ಗಿದರೆ ಒಳಗಿನ ಸೂಕ್ಷ್ಮ ತಿರುಪು ಮುರಿದು, ದುರ್ಬೀನು ಶಾಶ್ವತವಾಗಿ ಕುರುಡಾಗುತ್ತಿತ್ತು. ಇಕ್ಕಳ ಬಿರಡೆಯನ್ನು ಕಚ್ಚಿತು. ಅಂಬಾಬಾಯಿಯವರು, ಅದು ಹೊರಳುತ್ತಿಲ್ಲವೆಂದರೆ ಯಾರೋ ದೃಷ್ಟಿ ಹಾಕಿದ್ದಾರೆ ಎಂದು ಗಟ್ಟಿಯಾಗಿ ಮರುಗಿದರು. ಆ ಮಾತು ಅಂಗಳ ದಾಟಿ ಕಪಾಟಿನ ನೆತ್ತಿಯನ್ನು ಮುಟ್ಟಿತು.

"ಯಾವುದು ತಿರಗವಲ್ದು ಬಾಯಾರ? ಆ ಬಂದೂಕಿನ ಮ್ಯಾಲಿನ ಮುಚ್ಚಳೇನು?" ಹನುಮವ್ವನ ದನಿ ಈಗ ತಗ್ಗಿತ್ತು, ಆದರೂ ಪ್ರತಿ ಅಕ್ಷರ ಕೇಳಿಸಿತು. "ಅದು ತಿರಗೂದಿಲ್ರಿ. ಪೂಜಾಕ್ಕ ಒರಸುವಾಗ ಎರಡೂ ಸಡ್ಲ ಆಗಿದ್ವು, ಕಟಕಟ ಅಂತಿದ್ವು. ಉಪ್ಪಿನಕಾಯಿ ಡಬ್ಬಿ ಮುಚ್ಚಳದಂಗ ಕಡೀತನಕ ಗಟ್ಟಿ ತಿರುವಿ ಇಟ್ಟೇನಿ. ಇನ್ನ ಜಲ್ಮಕ್ಕ ಸಡ್ಲ ಆಗೂದಿಲ್ಲ."

 ಲೋಟ್ಲೀಕರರಿಗೆ ಕನ್ನಡ ಬಾರದು. ಸುಧೀರ ಕೊಂಕಣಿಯಲ್ಲಿ, ಅಗತ್ಯಕ್ಕಿಂತ ಸ್ಪಷ್ಟವಾಗಿ, ಅನುವಾದಿಸಿದ. ಡಾಕ್ಟರ್ ಸುಮೇಧಾ ಇಕ್ಕಳದ ಮೇಲೆ ತಮ್ಮ ಅಂಗೈ ಇಟ್ಟರು.

"ಒಂದೇ ಮಾತು ಹೇಳಿ. ನೀವು ಸಿದ್ಧಮಾಡಿದಾಗ ಇದು ಎಲ್ಲಿತ್ತು? ಯಾವ ಕಡೆ ತಿರುಗಿಸಿದರೆ ಏಟು ಮೇಲೆ ಬರುತ್ತದೆ? ಅಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ತಿಳಿದಿದ್ದರೆ ಹೇಳಿ. ಇಲ್ಲದಿದ್ದರೆ ಇಲ್ಲ ಅನ್ನಿ."

ಮ್ಯಾನೇಜರು ನೋಡುತ್ತಿದ್ದರು. ಮಡದಿ ನೋಡುತ್ತಿದ್ದರು. ಅಕ್ಕಿಯ ಡಬ್ಬಿಯ ಕಥೆ ಕೇಳಿದ್ದ ಚಾಳಿನ ನೆರೆಹೊರೆಯವರೆಲ್ಲ ನೋಡುತ್ತಿದ್ದರು. ಪಟಾಕಿ ಇನ್ನೊಮ್ಮೆ, ಇನ್ನಷ್ಟು ಹತ್ತಿರದಲ್ಲಿ ಸಿಡಿಯಿತು. ವ್ಯಾಸರಾಜರು ಇಕ್ಕಳವನ್ನು ಕೆಳಗಿಟ್ಟರು.

"ನನಗ ಗೊತ್ತಿಲ್ರೀ," ಎಂದರು. "ಮೊದಲೂ ಗೊತ್ತಿದ್ದಿಲ್ಲ. ಒಂದು ಸೂಜೀನೂ ಹೊಡದು ನೋಡಿಲ್ಲ ನಾ. ಅದರ ಮ್ಯಾಲೆ ಅಪ್ ಅಂತ ಬರದದ್ದು ಖರೇ ಇರಬಹುದು."

 ಡಾಕ್ಟರು ಯಾವ ಉಪದೇಶವನ್ನೂ ಮಾಡಲಿಲ್ಲ. ಅವರ ಸ್ಥಾನದಲ್ಲಿ ನಾನಿದ್ದಿದ್ದರೆ ಮಾಡುತ್ತಿದ್ದೆ, ಅಷ್ಟರಲ್ಲಿ ಕಪಾಟು ಬಿದ್ದಿರುತ್ತಿತ್ತು. ಅವರು ಬಾಣದ ಗುರುತು ತೋರಿಸಿದ ಕಡೆಗೇ, ಡಬ್ಬಿಯ ಮುಚ್ಚಳ ತೆಗೆಯುವಂತೆ ಬಿರಡೆಯನ್ನು ಸಡಿಲಿಸಿದರು. ಕಟ್ ಕಟ್ ಎಂದು ಅದು ವಿಧೇಯವಾಗಿ ತಿರುಗಿತು. ಬಲಮಗ್ಗುಲಿನದನ್ನೂ ಹಾಗೆಯೇ ತಿರುವಿ ಚೀಲಕ್ಕೆ ಹೊಡೆದರು. ಸೂಜಿ ಕಾಗದದೊಳಗೆ ಬಂದಿತು. ಬೊಟ್ಟಿಗೆ ಒಂದು ಗೇಣು ಕಡಿಮೆ. ವ್ಯಾಸರಾಜರು ರೇಷ್ಮೆ ಅಂಗಿಯ ಪರಿವೆಯಿಲ್ಲದೆ ಕೆಂಪು ಧೂಳಿನಲ್ಲಿ ಓಡಿ, ಗೇಣು ಹಾಕಿ ಅಳೆದು, ಎಷ್ಟು ಕಡಿಮೆ ಎಂದು ಕೂಗಿ ಹೇಳಿದರು. ತಿರುಗಾಮುರುಗಾ ಮಾಡದೆ, ಕಂಡದ್ದನ್ನು ಕಂಡಂತೆಯೇ ಹೇಳಿದರು. ಡಾಕ್ಟರು ಇನ್ನಷ್ಟು ತಿರುವಿದರು. ಕೊನೆಯ ನೀರಿನ ಸೂಜಿ ಇದ್ದಿಲಿನ ಬೊಟ್ಟಿನ ನಡುವೆ ನಾಟಿ ನಿಂತಿತು.

ಈಗ ಮದ್ದಿನ ಸೂಜಿ. ಡಾಕ್ಟರು ಕಟ್ಟೆಯ ಮೇಲೆ ಬೋರಲು ಮಲಗಿ ಉಸಿರು ಬಿಗಿಹಿಡಿದರು. ಬೇಲಿಯ ಆಚೆಯಿಂದ ಲಾರಿ ಮೆರವಣಿಗೆಯ ತಾಶೆ ವಾದ್ಯದ ಬಡಿತ ಕೇಳತೊಡಗಿತ್ತು. ಚಿರತೆ ಎದ್ದು ನಿಂತು ಕಪಾಟಿಗೆ ಮುಂಗಾಲು ಕೊಟ್ಟಿತು. ಹನುಮವ್ವ ಕಾಲು ಮಡಚಿಕೊಂಡಳು. ಬಂದೂಕು ಫುಸ್ ಎಂದಿತು, ಅಷ್ಟೇ. ಸೂಜಿ ಚಿರತೆಯ ತೊಡೆಯಲ್ಲಿ ಕೆಂಪು ಕುಚ್ಚಿನಂತೆ ನಿಂತಿತು.

ಮದ್ದು ಏರಲು ಹೊತ್ತು ಬೇಕು. ಚಿರತೆ ಒಂದು ಸುತ್ತು ಹಾಕಿತು. ಗ್ರೀಸಿನ ಡಬ್ಬಿಗಳನ್ನು ಉರುಳಿಸಿತು. ಮತ್ತೆ ಕಪಾಟಿನ ಬುಡಕ್ಕೇ ಬಂದಿತು. ತಾಶೆಯ ಸದ್ದು ಗೇಟಿನವರೆಗೆ ಬಂದು, ಅಲ್ಲಿ ಹಠಾತ್ತನೆ ನಿಂತಿತು. ಆಗ ಏನಾಯಿತೆಂದು ಆಮೇಲೆ ತಿಳಿಯಿತು. ವಾದ್ಯದ ಗದ್ದಲದಲ್ಲಿ ತನ್ನ ಕೂಗು ಯಾರಿಗೂ ಕೇಳಿಸದ್ದರಿಂದ ಪರಮಣ್ಣ ಮುಂದಿನ ಲಾರಿಗೆ ಅಡ್ಡಲಾಗಿ ರಸ್ತೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಿದ್ದ. ಹಬ್ಬದ ದಿನ ಮುಂಜಾನೆಯೇ ಕುಡಿದು ಬಿದ್ದಿದ್ದಾನೆಂದು ಚಾಲಕರು ಬೈದರು, ಎಳೆದರು, ಒಬ್ಬ ನೀರನ್ನೂ ಸುರಿದ. ಪರಮಣ್ಣ ಲಾರಿಯ ಮುಂಗಂಬಿ ಹಿಡಿದುಕೊಂಡು ಏಳಲಿಲ್ಲ. ಜನ್ಮದಲ್ಲಿ ಹನಿ ಮುಟ್ಟದ ಅವನು ಅಂದು ಕುಡುಕನೆನಿಸಿಕೊಂಡು ಹೆಂಡತಿಯ ಪ್ರಾಣ ಕಾಯುತ್ತಿದ್ದ.

ಒಳಗೆ ಚಿರತೆಯ ತಲೆ ತೂಗಿತು. ಮುಂಗಾಲು ಸಡಿಲಿತು. ಗೋಣಿಚೀಲದ ಮೇಲೆ ಕುಸಿದು ಬಾಯಿ ತೆರೆದು ಮಲಗಿತು.

"ಈಗ ಎರಡೂ ಕಣ್ಣು ಮುಚ್ಚೈತ್ರಿ," ಎಂದಳು ಹನುಮವ್ವ.

ಬಲೆಯವರು ಒಳನುಗ್ಗಿದರು. ಹನುಮವ್ವನನ್ನು ಇಳಿಸಿದ ಮರುಗಳಿಗೆಯೇ, ಯಾರೂ ಮುಟ್ಟದೆಯೇ, ಕಪಾಟು ತನ್ನ ಕುಂಟು ಕಾಲಿನ ಮೇಲೆ ಮಲಗಿತು. ಅವಳು ಅದನ್ನು ನೋಡಿದಳು, ವ್ಯಾಸರಾಜರನ್ನು ನೋಡಿದಳು. ಆ ನೋಟ ವ್ಯಾಸರಾಜರಿಗೆ ಬೈಗುಳಕ್ಕಿಂತ ಬಲವಾಗಿ ತಾಗಿತು. ಮರುದಿನವೇ ಹೊಸ ಕಪಾಟು ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಕೋಪ ತಣಿಯುತ್ತಿತ್ತು. ಆದರೆ ನಮ್ಮ ಸಮಾಜ ತಪ್ಪೊಪ್ಪಿಕೊಂಡವನನ್ನೂ ಸುಮ್ಮನೆ ಬಿಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಊರಿನ ಬಾಯಲ್ಲಿ ಡಾಕ್ಟರ್ ಸುಮೇಧಾ ಕರಗಿಹೋಗಿ ವ್ಯಾಸರಾಜರೇ ಚಿರತೆ ಹೊಡೆದವರಾದರು. ಕನ್ನಡಿಗರ ಸಭೆಯೊಂದರಲ್ಲಿ ಅವರಿಗೆ ಶಾಲು ಹೊದಿಸಿದರು. ವ್ಯಾಸರಾಜರು ಎದ್ದುನಿಂತು, ತಾವು ಹೊಡೆಯಲಿಲ್ಲ, ತಮಗೆ ದುರ್ಬೀನಿನ ಗಂಧವೂ ಗೊತ್ತಿಲ್ಲ, ಅದರೊಳಗಿನ ಚುಕ್ಕೆಗಳನ್ನು ಬೂಷ್ಟೆಂದು ತಿಳಿದು ದುರ್ಬೀನನ್ನೇ ಅಕ್ಕಿಯಲ್ಲಿ ಹೂತಿಟ್ಟದ್ದು ತಾವೇ ಎಂದು ಒಂದೊಂದಾಗಿ ಹೇಳಿದರು. ಸಭೆ ಅದನ್ನು ವಿನಯವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರು, ಇಂಥ ನಿಗರ್ವಿಗಳು ದುರ್ಲಭವೆಂದರು. ಸುಳ್ಳನ್ನು ಒಂದೇ ಸಂಜೆಯಲ್ಲಿ ನಂಬಿದ ಅದೇ ಜನ, ಸತ್ಯವನ್ನು ನಂಬಲು ಒಪ್ಪಲೇ ಇಲ್ಲ. ವ್ಯಾಸರಾಜರು ಶಾಲನ್ನು ಮಡಚಿ, ಕೊರ್ತಾಲಿಮಿನಲ್ಲಿ ತಂಗಿಯ ಮನೆಗೆ ಹೋಗಿದ್ದ ಹನುಮವ್ವನಿಗೆ ಅಲ್ಲಿಯೇ ಒಯ್ದು ಕೊಟ್ಟರು. ಚಳಿಗಾಲಕ್ಕೆ ಬರುತ್ತದೆಂದು ಅವಳು ಇಟ್ಟುಕೊಂಡಳು.

ಮರುವರ್ಷದ ಖಂಡೇನವಮಿ. ಅಂಬಾಬಾಯಿಯವರು ಆರತಿಯ ತಟ್ಟೆಯೊಂದಿಗೆ ಬಂದರು; ಹನುಮವ್ವ ಎಂದಿನಂತೆ ಎಲ್ಲವನ್ನೂ ಒರೆಸಿ, ಸಡಿಲವಾದದ್ದನ್ನೆಲ್ಲ ಗಟ್ಟಿಮಾಡಿದ್ದಳು. ಬಂದೂಕಿನ ಮುಂದೆ ಬಂದಾಗ ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಸಾಯೇಬ್ರ, ಇದಕ್ಕ ದೂರದಿಂದನ ಬೆಳಗ್ತೀವಿ. ಎಷ್ಟು ದೂರ ನಿಂತ್ರ ಸಾಕು?"

ಅಂಬಾಬಾಯಿ ಪತಿಯ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಪರಮಣ್ಣನೂ ನೋಡಿದ. ಸ್ಟೋರಿನಲ್ಲಿ ಮೌನ ಬಿತ್ತು. ಹಿಂದೆ ವ್ಯಾಸರಾಜರು ಎಂದೂ ಸಹಿಸಿರದ ಅದೇ ಮೌನ. ಅವರು ಗಂಟಲು ಸರಿಮಾಡಿಕೊಂಡರು.

"ನನಗ ಗೊತ್ತಿಲ್ಲ ಹನುಮವ್ವ," ಎಂದರು. "ಡಾಕ್ಟರ್ ಬಾಯಾರಿಗೆ ಫೋನ್ ಮಾಡಿ ಕೇಳೋಣ."